ಟೆನೆಸಿ ಕೋನ್‌ಫ್ಲವರ್: ಜೇಡಿಮಣ್ಣಿನ ಹಿತ್ತಲಲ್ಲಿ ಬೀಜದಿಂದ ಎಬ್ಬಿಸುವುದು ಹೇಗೆ?

ಹಿತ್ತಲಬೇಲಿ:
ಜಾಗ ಅಮೆರಿಕದ ಟೆನೆಸಿ ರಾಜ್ಯದ ರುದರ್‌ಫರ್ಡ್ ಕೌಂಟಿ. ಮನೆಯ ದಕ್ಷಿಣಕ್ಕೆ 2 ಮೀಟರ್ ಉದ್ದ, 1 ಮೀಟರ್ ಅಗಲದ ಪಾತಿ. ದಿನವಿಡೀ ಬಿಸಿಲು. ಮಣ್ಣು ಕೆಂಪು ಜೇಡಿ. ಮಳೆ ಬಿದ್ದರೆ ಎರಡು ದಿನ ನೀರು ಇಂಗುವುದಿಲ್ಲ, ಆಗಸ್ಟ್‌ನಲ್ಲಿ ಬೆರಳು ತೂರುವಷ್ಟು ಬಿರುಕು. ಇಲ್ಲಿ ಟೆನೆಸಿ ಕೋನ್‌ಫ್ಲವರ್ ಎಂಬ ಹೂಗಿಡ (ಎಕಿನೇಶಿಯ ಟೆನೆಸಿಯೆನ್ಸಿಸ್) ಹಾಕಬೇಕೆಂದಿದೆ. ಪಾತಿಗೆ ಏನು ತುಂಬಬೇಕು, ಬೀಜಕ್ಕೆ ಎಷ್ಟು ದಿನ ತಂಪು ಕೊಡಬೇಕು, ಬೇಲಿಯಾಚೆ ಪಕ್ಕದವರ ನೇರಳೆ ಕೋನ್‌ಫ್ಲವರ್ ಇದೆ, ಅದರಿಂದ ತೊಂದರೆ ಇದೆಯೇ? ಬಲ್ಲವರು ಹೇಳಿ.

ಕಲ್ಲುಹಾಸು:
ಮೊದಲು ಆ ಗಿಡದ ತವರನ್ನು ನೋಡಿ, ಅರ್ಧ ಉತ್ತರ ಅಲ್ಲೇ ಇದೆ. ಇಡೀ ಜಗತ್ತಿನಲ್ಲಿ ಇದು ಕಾಡುಗಿಡವಾಗಿ ಇರುವುದು ಮಧ್ಯ ಟೆನೆಸಿಯ ಡೇವಿಡ್‌ಸನ್, ವಿಲ್ಸನ್, ರುದರ್‌ಫರ್ಡ್ ಈ ಮೂರು ಕೌಂಟಿಗಳಲ್ಲಿ ಮಾತ್ರ. ಅಲ್ಲೂ ಎಲ್ಲೆಂದರಲ್ಲಿ ಅಲ್ಲ, 'ಸೀಡರ್ ಗ್ಲೇಡ್' ಎಂಬ ಸುಣ್ಣಕಲ್ಲಿನ ಹಾಸುಗಳ ಮೇಲೆ. ಸೀಡರ್ ಅಂದಾಕ್ಷಣ ದೇವದಾರು ಅಂದುಕೊಳ್ಳಬೇಡಿ, ಇಲ್ಲಿ ರೆಡ್ ಸೀಡರ್ ಅನ್ನುವುದು ಜುನಿಪರ್ ಜಾತಿ. ಬಂಡೆಯ ಮೇಲೆ ಮಣ್ಣು ತೀರ ತೆಳು, ಕೆಲವು ಕಡೆ 5 ಸೆಂಟಿಮೀಟರ್ ಕೂಡ ಸಿಗುವುದಿಲ್ಲ. ಮರಕ್ಕೆ ಬೇರೂರಲು ಜಾಗವಿಲ್ಲ, ಅದಕ್ಕೇ ಬಯಲು. ಬಯಲಾದ್ದರಿಂದಲೇ ಈ ಗಿಡ.

ಇದರ ಗುಣ ಇಷ್ಟೇ: ಬಿಸಿಲು, ಬರ, ಬಡ ಮಣ್ಣು ಮೂರನ್ನೂ ತಡೆಯುತ್ತದೆ, ಪೈಪೋಟಿ ತಡೆಯುವುದಿಲ್ಲ. ಪಕ್ಕದಲ್ಲಿ ಎತ್ತರದ ಹುಲ್ಲು ಬಂದು ನೆರಳು ಕವಿದರೆ ಸೊರಗುತ್ತದೆ. ಕಾಡಿನಲ್ಲಿ ಜುನಿಪರ್ ಮುಂದೊತ್ತಿ ಬಂದರೂ ಅದೇ ಗತಿ. ಬೀಜವೂ ತಾಯಿಗಿಡದ ಬುಡದಲ್ಲೇ ಉದುರುತ್ತದೆ, ಹತ್ತಿಯಂತೆ ಹಾರುವ ಜುಟ್ಟು ಇದಕ್ಕಿಲ್ಲ. ಹಾಗಾಗಿ ಹೊಸ ಜಾಗ ಹಿಡಿಯುವುದು ನಿಧಾನ.

ಅಳಿದೇ ಹೋಯಿತು ಅಂದುಕೊಂಡಿದ್ದ ಗಿಡವಿದು. 1960ರ ದಶಕದ ಕೊನೆಯಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಎಲ್ಸಿ ಕ್ವಾರ್ಟರ್‌ಮನ್ ಮತ್ತೆ ಗುರುತಿಸಿದರು. 1979ರಲ್ಲಿ ಅಮೆರಿಕದ ಅಪಾಯದಂಚಿನ ಸಸ್ಯಗಳ ಪಟ್ಟಿಗೆ ಸೇರಿತು, 2011ರಲ್ಲಿ ಚೇತರಿಸಿಕೊಂಡಿದೆ ಎಂದು ಪಟ್ಟಿಯಿಂದ ತೆಗೆದರು. ಹಾಗಂತ ಗ್ಲೇಡ್‌ಗೆ ಹೋಗಿ ಬೀಜ ಕೀಳುವಂತಿಲ್ಲ. ಕೌಚ್‌ವಿಲ್‌ನಂಥ ರಾಜ್ಯದ ಸಂರಕ್ಷಿತ ಜಾಗಗಳಲ್ಲಿ ಗಿಡವಿರಲಿ, ಒಣಗಿದ ತೆನೆಯನ್ನೂ (ಹೂವಿನ ನಡುವಿನ ಬೀಜದ ಉಬ್ಬು) ಮುಟ್ಟುವುದು ನಿಷಿದ್ಧ. ಬೀಜ ನರ್ಸರಿಯಿಂದಲೇ ತರಬೇಕು.

ಪದವಿನಂಚು:
ಇದು ನಮ್ಮ ಕರಾವಳಿಯ ಪದವಿನ ಹಾಗೆಯೇ ಉಂಟಲ್ಲ ಮಾರಾಯ್ರೆ. ಮುರಕಲ್ಲಿನ ಹಾಸು, ಮೇಲೆ ಒಂದು ಚಿಪ್ಪು ಮಣ್ಣು, ಮಳೆಗಾಲದಲ್ಲಿ ಜೌಗು, ಬೇಸಿಗೆಯಲ್ಲಿ ಕಾದ ಕಾವಲಿ. ಅಲ್ಲಿಯೂ ಮರ ಬಾರದ ಕಡೆಯೇ ಚಂದದ ಹೂ ಬರುವುದು.

ಕಲ್ಲುಹಾಸು:
ಹೋಲಿಕೆ ಸರಿ, ಎರಡು ವ್ಯತ್ಯಾಸ ನೆನಪಿಡಿ. ಪದವಿನ ಮುರಕಲ್ಲು ಆಮ್ಲೀಯ, ಇಲ್ಲಿನದು ಸುಣ್ಣಕಲ್ಲು. ಪದವಿನಲ್ಲಿ ನೀರು ನಿಲ್ಲುವುದು ಜೂನ್‌ನಿಂದ, ಇಲ್ಲಿ ಚಳಿಗಾಲದಿಂದ ವಸಂತದವರೆಗೆ. ಪದವಿನ ಹೂಗಳಲ್ಲಿ ಹೆಚ್ಚಿನವು ಮಳೆಯಲ್ಲಿ ಹುಟ್ಟಿ ಮಳೆ ಮುಗಿಯುತ್ತಲೇ ಸಾಯುವ ಪುಟ್ಟ ಗಿಡಗಳು. ಇದು ಬಹುವಾರ್ಷಿಕ, ಬಂಡೆಯ ಸೀಳಿನಲ್ಲಿ ಉದ್ದ ಬೇರು ಇಳಿಸಿ ಬೇಸಿಗೆಯನ್ನು ಎದುರಿಸುತ್ತದೆ. ಹೂ ಬರುವುದೂ ಆ ಕಾವಲಿ ಬಿಸಿಲಲ್ಲೇ, ಜೂನ್‌ನಿಂದ ಆಗಸ್ಟ್‌ವರೆಗೆ.

ಜಲ್ಲಿಲೆಕ್ಕ:
ಪಾತಿಯ ವಿಷಯಕ್ಕೆ ಬರುತ್ತೇನೆ. ನೀರು ನಿಲ್ಲುವ ಜೇಡಿಯಲ್ಲಿ ಗುಂಡಿ ತೋಡಿ ಒಳ್ಳೆ ಮಣ್ಣು ತುಂಬಿದರೆ ಅದು ಬಾವಿಯಾಗುತ್ತದೆ. ಸುತ್ತಲ ನೀರೆಲ್ಲ ಅಲ್ಲಿಗೇ ಇಳಿದು ಬುಡ ಕೊಳೆಯುತ್ತದೆ. ಆದ್ದರಿಂದ ತೋಡಬೇಡಿ, ಏರಿಸಿ.

ನಿಮ್ಮ 2 × 1 ಮೀಟರ್ ಪಾತಿಗೆ 25 ಸೆಂಟಿಮೀಟರ್ ಎತ್ತರದ ಮಿಶ್ರಣ ಹಾಕಿದರೆ ಒಟ್ಟು ಅರ್ಧ ಘನ ಮೀಟರ್, ಅಂದರೆ 500 ಲೀಟರ್. ಅದರಲ್ಲಿ ಅರ್ಧ ಸುಣ್ಣಕಲ್ಲಿನ ಸಣ್ಣ ಜಲ್ಲಿ (6ರಿಂದ 10 ಮಿಲಿಮೀಟರ್), ಕಾಲು ಭಾಗ ದಪ್ಪ ಮರಳು, ಇನ್ನು ಕಾಲು ಭಾಗ ಅಲ್ಲಿನದೇ ಮೇಲ್ಮಣ್ಣು. ತೂಕದಲ್ಲಿ ಜಲ್ಲಿ ಸುಮಾರು 375 ಕಿಲೋ, ಮರಳು ಸುಮಾರು 200 ಕಿಲೋ. 50 ಪೌಂಡಿನ ಚೀಲಗಳಲ್ಲಿ ಕೊಂಡರೆ ಜಲ್ಲಿಗೇ 16–17 ಚೀಲ ಬೇಕು. ಕಲ್ಲುಕ್ವಾರಿಯಿಂದ ಸಡಿಲವಾಗಿ ತರಿಸಿದರೆ ಅಗ್ಗ. ಕಲಸಿದ ಮೇಲೆ ಮರಳು ಜಲ್ಲಿಯ ಸಂದಿಗಿಳಿದು ಎತ್ತರ ಕುಗ್ಗುತ್ತದೆ, ಗಾಬರಿ ಬೇಡ, ಒಂದಿಷ್ಟು ಹೆಚ್ಚೇ ಇಟ್ಟುಕೊಳ್ಳಿ.

ಕೆಳಗಿನ ಜೇಡಿಯನ್ನು ಗುದ್ದಲಿಯಿಂದ 10 ಸೆಂಟಿಮೀಟರ್ ಸಡಿಲಿಸಿ, ಬಗೆದು ತೆಗೆಯಬೇಡಿ. ಹಸಿ ಇರುವಾಗ ಮುಟ್ಟಲೇಬೇಡಿ, ತುಳಿದರೆ ಇಟ್ಟಿಗೆ ಆಗುತ್ತದೆ.

ಕ್ವಾರಿಯವರು ಜಲ್ಲಿಯ ಜೊತೆ ಪುಡಿ ಬೆರೆತದ್ದನ್ನೂ ಮಾರುತ್ತಾರೆ, ರಸ್ತೆಗೆ ಹಾಸುವ ಮಾಲು. ಅದು ಬೇಡ. ಪುಡಿ ನೀರು ಕುಡಿದು ಗಟ್ಟಿ ಹೆಪ್ಪುಗಟ್ಟುತ್ತದೆ. ತೊಳೆದ ಜಲ್ಲಿ ಕೇಳಿ.

ಹಿತ್ತಲಬೇಲಿ:
ಜಲ್ಲಿ ಬಿಟ್ಟು ಜೇಡಿಗೆ ಬರೀ ಮರಳು ಬೆರೆಸಿದರೆ ಆಗದೇ? ನಾಲ್ಕು ಚೀಲ ಮರಳು ಮನೆಯಲ್ಲೇ ಇದೆ. ಮತ್ತೆ ಕಾಂಪೋಸ್ಟ್ ಸ್ವಲ್ಪ?

ಜಲ್ಲಿಲೆಕ್ಕ:
ಎರಡೂ ಬೇಡ. ನಾಲ್ಕು ಚೀಲ ಮರಳು ಜೇಡಿಗೆ ಬಿದ್ದರೆ ಗಾರೆ ಆಗುತ್ತದೆ. ಮರಳಿನ ಕಣಗಳ ಸಂದಿಯನ್ನೆಲ್ಲ ಜೇಡಿ ತುಂಬಿಕೊಂಡು ಮೊದಲಿಗಿಂತ ಗಟ್ಟಿ. ಮರಳು ಕೆಲಸ ಮಾಡಬೇಕಾದರೆ ಜೇಡಿಗಿಂತ ಅದೇ ಹೆಚ್ಚಿರಬೇಕು. ಕಾಂಪೋಸ್ಟ್, ಕೊಟ್ಟಿಗೆ ಗೊಬ್ಬರ, ಯೂರಿಯಾ ಯಾವುದನ್ನೂ ಹಾಕಬೇಡಿ. ಸಾರಜನಕ ಸಿಕ್ಕರೆ ದಂಟು ಉದ್ದಕ್ಕೆ ಬೆಳೆದು ಮೊದಲ ಗಾಳಿಮಳೆಗೆ ಅಡ್ಡ ಬೀಳುತ್ತದೆ. ಮರದ ತೊಗಟೆಯ ಹೊದಿಕೆಯೂ ಬೇಡ, ಅದು ಬುಡದಲ್ಲಿ ತೇವ ಹಿಡಿದಿಡುತ್ತದೆ. ಮೇಲೆ ಹಾಸುವುದಾದರೆ ಅದೇ ಜಲ್ಲಿ 2–3 ಸೆಂಟಿಮೀಟರ್, ಗಿಡದ ಕುತ್ತಿಗೆಯಿಂದ ಎರಡು ಬೆರಳು ದೂರಕ್ಕೆ.

ಬಯಲುಸೀಮೆ:
ಬೀಜದ ಮಾತು ನಾ ಹೇಳ್ತೀನ್ರಿ. ಮೊದಲ ಬೀಜ ಗಟ್ಟಿ ಅದಾವೋ ಜೊಳ್ಳ ಅದಾವೋ ನೋಡ್ರಿ. ನೋಡಾಕ ಎರಡೂ ಒಂದ ಥರ, ನಾಲ್ಕು ಮೂಲಿ ಇರೋ ಕಂದು ಬಣ್ಣದ ಸಣ್ಣ ಬೀಜ, ಮ್ಯಾಲ ಒಂದು ಪುಟ್ಟ ಕಿರೀಟ. ಉಗುರಿಂದ ಒತ್ತಿದ್ರ ಜೊಳ್ಳ ಚಪ್ಪಟ ಆಗತೈತಿ, ಗಟ್ಟಿ ಬೀಜ ಒತ್ತಿಗೆ ಬಗ್ಗೂದಿಲ್ಲ. ಪಾಕೀಟಿನಾಗಿಂದು ಹತ್ತು ಬೀಜ ಹಂಗ ಒತ್ತಿ ನೋಡಿದ್ರ ಸಾಕು, ಲೆಕ್ಕ ಸಿಗತೈತಿ. ನೀರಾಗ ತೇಲಸಿ ನೋಡೂದು ನಂಬಬ್ಯಾಡ್ರಿ, ಈ ಜಾತಿ ಬೀಜ ಗಟ್ಟಿ ಇದ್ರೂ ತೇಲತಾವ.

ಇದಕ್ಕ ತಂಪು ಕೊಡದ ಇದ್ರ ಮೊಳಕಿ ಬರೂದು ಅಷ್ಟಕ್ಕಷ್ಟ. ಹಸಿ ತಂಪು ಬೇಕು, ಒಣ ಬೀಜ ಪಾಕೀಟಿನ್ಯಾಗ ಫ್ರಿಜ್‌ನ್ಯಾಗ ಇಟ್ರ ಏನೂ ಆಗೂದಿಲ್ಲ. ಹಿಂಗ ಮಾಡ್ರಿ:

ಒಂದು ಚಮಚ ಬೀಜಕ್ಕ ಮೂರು ಚಮಚ ತೊಳದ ಮರಳು. ನೀರು ಚಿಮುಕಿಸಿ ಕಲಸ್ರಿ. ಮುಷ್ಟಿಯೊಳಗ ಹಿಂಡಿದ್ರ ಉಂಡಿ ಆಗಬೇಕು, ಆದ್ರ ನೀರ ಹನಿ ಬೀಳಬಾರದು. ಜಿಪ್ ಚೀಲದಾಗ ಹಾಕಿ ತಾರೀಕು ಬರದು ಫ್ರಿಜ್‌ನ ಕೆಳಗಿನ ಖಾನೇದಾಗ 4–5 ಡಿಗ್ರಿಗೆ ಇಡ್ರಿ. 8 ವಾರ. ಫ್ರೀಜರ್ ಅಲ್ಲ ಮತ್ತ. ವಾರಕ್ಕೊಮ್ಮಿ ಚೀಲ ತಗದು ಗಾಳಿ ಆಡಿಸ್ರಿ. ಜನವರಿ ಮೊದಲ ವಾರ ಇಟ್ರ ಮಾರ್ಚ್ ಮೊದಲ ವಾರಕ್ಕ ಬಿತ್ತಾಕ ತಯಾರು.

ಹಿತ್ತಲಬೇಲಿ:
ಚೀಲದಲ್ಲಿ ಬೂಷ್ಟು ಬಂದರೆ ಎಲ್ಲವನ್ನೂ ಎಸೆಯಬೇಕೇ ಸಾರ್?

ಬಯಲುಸೀಮೆ:
ಎಸೀಬ್ಯಾಡ್ರಿ. ನೀರು ಹೆಚ್ಚಾಗೈತಿ ಅಂತ ಅರ್ಥ, ಇಲ್ಲಾಂದ್ರ ಜೊಳ್ಳ ಬೀಜ ಕೊಳ್ಯಾಕತ್ತಾವ. ಚಾ ಸೋಸೂ ಜಾಲರಿಯೊಳಗ ಹಾಕಿ ತಣ್ಣೀರಾಗ ತೊಳದು, ಹೊಸ ಮರಳಿನ್ಯಾಗ ಕಲಸಿ ಮತ್ತ ಇಡ್ರಿ. ಗಟ್ಟಿ ಬೀಜಕ್ಕ ಮ್ಯಾಲಿನ ಬೂಷ್ಟಿಂದ ಏನೂ ಆಗೂದಿಲ್ಲ. ಫ್ರಿಜ್‌ನ್ಯಾಗ ಇರೂವಾಗನ ಬಿಳಿ ಬೇರು ಕಂಡ್ರ ದಿನಾ ಎಣಿಸಿಕೋತ ಕೂಡಬ್ಯಾಡ್ರಿ, ಅವತ್ತ ಬಿತ್ರಿ.

ಬಿತ್ತೂದು 3 ಮಿಲಿಮೀಟರ್ ಆಳ, ಅಷ್ಟ. ಬೆಳಕು ತಾಗಿದ್ರ ಚಲೋ ಮೊಳಕಿ ಒಡೀತಾವ. 20–25 ಡಿಗ್ರಿಯೊಳಗ 10ರಿಂದ 20 ದಿನ. ಕುಂಡ ಉದ್ದಂದು ಇರಬೇಕು, ಕನಿಷ್ಠ 12 ಸೆಂಟಿಮೀಟರ್ ಆಳ, ಯಾಕಂದ್ರ ಬೇರು ಮೊದಲ ಕೆಳಗ ಓಡತೈತಿ. ಸಸಿ ಟ್ರೇದ ಬಟ್ಟಲದಾಗ ಬಿತ್ತಿದ್ರ ಬೇರು ಸುತ್ತಿಕೊಂಡು ಮುಂದ ಜಲ್ಲಿ ಸಂದಿಯೊಳಗ ಇಳಿಯಾಕ ಬರೂದಿಲ್ಲ.

ಎಲೆಚುಕ್ಕೆ:
ಬಯಲುಸೀಮೆಯವರ ಮಾತಿಗೆ ಒಂದು ಸೇರಿಸುತ್ತೇನೆ. ಸಸಿ ಎರಡೆಲೆ ಇರುವಾಗ ಮಣ್ಣಿನ ಮಟ್ಟದಲ್ಲಿ ದಾರದಂತೆ ಸಣಕಲಾಗಿ ಮಗ್ಗುಲಿಗೆ ಬೀಳುವುದುಂಟು. ಅದು ಸಸಿ ಕೊಳೆರೋಗ, ಬಿದ್ದ ಸಸಿ ಏಳುವುದಿಲ್ಲ. ಮೇಲಿನಿಂದ ನೀರು ಹಾಕಬೇಡಿ. ಕುಂಡಗಳನ್ನು ತಟ್ಟೆಯಲ್ಲಿಟ್ಟು ತಟ್ಟೆಗೆ ನೀರು ಹಾಕಿ, ಮೇಲ್ಮೈ ಬಣ್ಣ ಬದಲಾಯಿತೋ ಉಳಿದ ನೀರು ಚೆಲ್ಲಿ. ಬಿತ್ತಿದ ಮೇಲೆ ಒಂದು ಪದರ ಸಣ್ಣ ಮರಳು ಉದುರಿಸಿದರೆ ಕಾಂಡದ ಸುತ್ತ ಬೇಗ ಒಣಗುತ್ತದೆ. ಪ್ಲಾಸ್ಟಿಕ್ ಮುಚ್ಚಳ ಹಾಕಿದ್ದರೆ ಮೊದಲ ಮೊಳಕೆ ಕಂಡ ದಿನವೇ ತೆಗೆಯಿರಿ.

ಬಯಲುಸೀಮೆ:
ಖರೇ. ಫ್ರಿಜ್ ರಗಳಿನ ಬ್ಯಾಡ ಅಂದ್ರ ಡಿಸೆಂಬರ್‌ನ್ಯಾಗ ಕುಂಡದೊಳಗ ಬಿತ್ತಿ ಹೊರಗ ಇಟ್ಟಬಿಡ್ರಿ, ಅಲ್ಲಿ ಚಳಿನ ಆ ಕೆಲಸ ಮಾಡತೈತಿ. ಮ್ಯಾಲೊಂದು ತಂತಿ ಜಾಳಿಗಿ ಕಟ್ರಿ, ಇಲ್ಲಾಂದ್ರ ಅಳಿಲು ಮಣ್ಣ ಕೆದರತಾವ.

ತಾರಸಿತೋಟ:
ಬೆಂಗಳೂರಿನ ತಾರಸಿಯಲ್ಲಿ ಇದನ್ನು ಬೆಳೆಸಬಹುದೇ? ಫ್ರಿಜ್ ನಮ್ಮಲ್ಲೂ ಇದೆಯಲ್ಲ! ಆನ್‌ಲೈನ್‌ನಲ್ಲಿ ಬೀಜ ಕಾಣಿಸುತ್ತಿದೆ.

ಕಲ್ಲುಹಾಸು:
ಮೊಳಕೆ ಬರಿಸಬಹುದು. ಗಿಡ ಉಳಿಯುವುದು ಬೇರೆ ಮಾತು. ಇದು ಪ್ರತಿ ಚಳಿಗಾಲ ನೆಲದ ಮಟ್ಟಕ್ಕೆ ಒಣಗಿ, ಹೆಪ್ಪುಗಟ್ಟುವ ಚಳಿಯಲ್ಲಿ ನಿದ್ದೆ ಮಾಡಿ, ವಸಂತದಲ್ಲಿ ಬುಡದಿಂದ ಚಿಗುರುವ ಗಿಡ. ಬೆಂಗಳೂರಿನ ಜನವರಿ ಅದಕ್ಕೆ ಚಳಿಯೇ ಅಲ್ಲ. ಮೇಲೆ ಜೂನ್‌ನಿಂದ ಅಕ್ಟೋಬರ್‌ವರೆಗೆ ತೇವ, ಕುಂಡದಲ್ಲಿ ಬುಡ ಕೊಳೆಯುವುದಕ್ಕೆ ಅದೇ ಸಾಕು. ಇನ್ನೊಂದು, ಹೊರದೇಶದ ಬೀಜ ಭಾರತಕ್ಕೆ ಅಂಚೆಯಲ್ಲಿ ಸುಮ್ಮನೆ ತರಿಸುವಂತಿಲ್ಲ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ, ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ತಾರಸಿಗೆ ಜೀನಿಯಾ ಹಾಕಿ, ಸೇವಂತಿಗೆ ಹಾಕಿ. ಅದೇ ಕುಟುಂಬ, ಸುಖವಾಗಿರುತ್ತವೆ.

ಪದವಿನಂಚು:
ಇದರ ಬೇರು ಶೀತಕ್ಕೆ ಔಷಧ ಅಂತ ಕೇಳಿದ್ದುಂಟು. ಹೌದಾ?

ಕಲ್ಲುಹಾಸು:
ಔಷಧದ ವ್ಯಾಪಾರದಲ್ಲಿ ಇರುವುದು ನೇರಳೆ ಕೋನ್‌ಫ್ಲವರ್ ಮತ್ತು ಅಂಗುಸ್ಟಿಫೋಲಿಯ, ಪಲ್ಲಿಡ ಎಂಬ ಇನ್ನೆರಡು ಸೋದರ ಜಾತಿಗಳು. ಇದನ್ನು ಅಗೆಯುವ ಯೋಚನೆಯೇ ಬೇಡ.

ಈಗ ಪಕ್ಕದವರ ಗಿಡದ ವಿಷಯ. ತೊಂದರೆ ಇದೆ, ಗಿಡಕ್ಕಲ್ಲ, ಅದರ ಬೀಜಕ್ಕೆ. ಎರಡೂ ಜಾತಿಗೆ ವರ್ಣತಂತುಗಳ ಸಂಖ್ಯೆ ಒಂದೇ (22), ಜೇನ್ನೊಣಕ್ಕೆ ಬೇಲಿಯ ಲೆಕ್ಕವಿಲ್ಲ. ಸುಲಭವಾಗಿ ಮಿಶ್ರವಾಗುತ್ತವೆ. ನರ್ಸರಿಯಲ್ಲಿ 'ರಾಕಿ ಟಾಪ್' ಹೆಸರಿನಲ್ಲಿ ಸಿಗುವುದೂ ಮಿಶ್ರತಳಿ ಅನ್ನುವುದೇ ತೋಟಗಾರರ ಸಾಮಾನ್ಯ ಅಭಿಪ್ರಾಯ. ಹಿತ್ತಲಿಗೆ ಚಂದ ಬೇಕಾದರೆ ಅದು ಸಾಕು. ತಳಿ ಉಳಿಸಬೇಕಾದರೆ ಸಾಲದು.

ಗುರುತು ಹೀಗೆ. ಅಸಲಿ ಗಿಡದ ಎಲೆ ಪಟ್ಟಿಯಂತೆ ಕಿರಿದು, ಬೆರಳಿನ ಅಗಲಕ್ಕಿಂತ ಹೆಚ್ಚಿರುವುದಿಲ್ಲ, ಅಂಚಿನಲ್ಲಿ ಹಲ್ಲಿಲ್ಲ, ಮುಟ್ಟಿದರೆ ಒರಟು ರೋಮ. ನೇರಳೆಯದು ಅಗಲ, ಅಂಚು ಗರಗಸ. ಎಸಳು ನೇರಳೆಯದರಲ್ಲಿ ಜೋತು ಬೀಳುತ್ತದೆ, ಇದರಲ್ಲಿ ಮೇಲಕ್ಕೆ ಬಾಗುತ್ತದೆ, ತಟ್ಟೆಯ ಅಂಚಿನಂತೆ. ಅರಳಿದ ಹೂಗಳು ಬಹುತೇಕ ಪೂರ್ವಕ್ಕೆ ಮುಖ ಮಾಡಿರುತ್ತವೆ, ಸಾಲಾಗಿ ನಿಂತ ಗಿಡಗಳನ್ನು ಪಶ್ಚಿಮದಿಂದ ನೋಡಿದರೆ ಬೆನ್ನು ಮಾತ್ರ ಕಾಣುತ್ತದೆ. ಎತ್ತರ ಸಾಮಾನ್ಯವಾಗಿ 30ರಿಂದ 60 ಸೆಂಟಿಮೀಟರ್. ನಿಮ್ಮ ಗಿಡ ಸೊಂಟದ ಎತ್ತರ ಬಂದು, ಎಲೆ ಅಗಲವಾಗಿ, ಎಸಳು ಜೋತರೆ ಬೀಜ ಮಾರಿದವರನ್ನು ಕೇಳಿ.

ಬಯಲುಸೀಮೆ:
ಶುದ್ಧ ಬೀಜ ಬೇಕಂದ್ರ ಕೈಯಾರ ಪರಾಗ ಮಾಡ್ರಿ. ನಮ್ಮ ಕಡಿ ಸೂರ್ಯಕಾಂತಿ ಬೆಳೆಯೋರಿಗೆ ಇದು ಹೊಸಾದಲ್ಲ. ಜೇನ ಕಡಿಮಿ ಇದ್ದಾಗ ಬೆಳಿಗ್ಗೆ 8ರಿಂದ 11ರೊಳಗ ತೆಳು ಬಟ್ಟೀಲೆ ತೆನಿಯಿಂದ ತೆನಿಗೆ ಸವರತಾರಲ್ಲ, ಅದ. ಇಲ್ಲಾಂದ್ರ ತೆನಿ ತುಂಬ ಜೊಳ್ಳ. ಇಲ್ಲೂ ಅದ ಕಾರಣ: ತನ್ನ ಪರಾಗ ತನಗ ಒಗ್ಗೂದಿಲ್ಲ. ಒಂದ ಗಿಡ ಹಚ್ಚಿ ಬೀಜಕ್ಕ ಕಾಯಬ್ಯಾಡ್ರಿ. ಕನಿಷ್ಠ ಐದಾರು ಬ್ಯಾರೆ ಬ್ಯಾರೆ ಬೀಜದ ಗಿಡ ಬೇಕು.

ಮೊಗ್ಗಿನ ನಡುವಿನ ಸಣ್ಣ ಹೂ ಒಡಿಯೋ ಮೊದಲ ತೆಳು ಜಾಳಿಗಿ ಚೀಲ ಕಟ್ರಿ. ನಡುವಿನ ಹೂ ಹೊರಗಿನ ಸುತ್ತಿನಿಂದ ಒಳಗ ಒಂದೊಂದ ಸುತ್ತ ಒಡೀತಾವ. ಒಂದು ಸುತ್ತಿನಾಗ ಮೊದಲ ಪರಾಗ ಹೊರಗ ಬರತೈತಿ, ಮರುದಿನ ಅದ ಸುತ್ತಿನ್ಯಾಗ ಎರಡು ಸೀಳಾದ ಶಲಾಕಿ (ಪರಾಗ ಹಿಡಿಯೋ ಹೆಣ್ಣು ಭಾಗ) ಚಾಚತೈತಿ. ಒಂದು ಗಿಡದ ಪರಾಗ ಸಣ್ಣ ಕುಂಚಲೆ ತಗೊಂಡು ಇನ್ನೊಂದರ ಶಲಾಕಿಗೆ ಹಚ್ರಿ. ಒಂದ ದಿನ ಹಚ್ಚಿ ಬಿಟ್ರ ಒಂದ ಸುತ್ತಿಗಷ್ಟ ಆಗತೈತಿ. ಎರಡು ದಿನಕ್ಕೊಮ್ಮಿ, ತೆನಿ ನೆತ್ತಿ ಮುಟ್ಟೂತನಕ ಮಾಡಬೇಕು.

ಆಗೈತೋ ಇಲ್ಲೋ ಹೆಂಗ ತಿಳೀತೈತಿ? ಒಗ್ಗೋ ಪರಾಗ ಬಿದ್ದ ಶಲಾಕಿ ಒಂದೆರಡು ದಿನದಾಗ ಮುದುಡಿ ಒಳಗ ಸರೀತೈತಿ. ಒಗ್ಗದಿದ್ರ ದಿನಗಟ್ಲೆ ಚಾಚಿಕೊಂಡ ನಿಂತಿರತೈತಿ. ತೆನಿ ಮ್ಯಾಲ ಎರಡು ಮೂರು ಸುತ್ತ ಶಲಾಕಿ ಒಟ್ಟಿಗೆ ನಿಂತಾವಂದ್ರ ನಿಮ್ಮ ಕುಂಚ ಕೆಲಸ ಮಾಡಿಲ್ಲ, ಇಲ್ಲಾ ಎರಡೂ ಗಿಡ ಭಾಳ ಹತ್ತಿರದ ಸಂಬಂಧ.

ಹಿತ್ತಲಬೇಲಿ:
ಇದು ಗೊತ್ತೇ ಇರಲಿಲ್ಲ. ಬೀಜ ಯಾವಾಗ ಕೀಳಬೇಕು?

ಬಯಲುಸೀಮೆ:
ತೆನಿ ಕಪ್ಪು ಕಂದು ಆಗಿ, ಕೆಳಗಿನ ದಂಟೂ ಒಂದ್ ಗೇಣು ಒಣಗಿರಬೇಕು. ಚೀಲ ತಗದು ಮರತ್ರ ಗೋಲ್ಡ್‌ಫಿಂಚ್ ಹಕ್ಕಿ ಮುಗಿಸಿಬಿಡತಾವ. ಕೈಗವಸು ಹಾಕ್ಕೊಳ್ರಿ. ತೆನಿ ಮ್ಯಾಲಿನ ಮುಳ್ಳು ಕುಸುಬಿ ಮುಳ್ಳಿನಂಗ, ಕುಸುಬಿ ಕೊಯ್ದೋರಿಗೆ ಹೇಳಬೇಕಾಗಿಲ್ಲ. ಎರಡು ವಾರ ನೆರಳಾಗ ಒಣಗಿಸಿ, ಗಾಳಿ ಹೋಗದ ಡಬ್ಬಿಯೊಳಗ ಸಿಲಿಕಾ ಜೆಲ್ ಪಾಕೀಟು ಹಾಕಿ ಫ್ರಿಜ್‌ನ್ಯಾಗ.

ಎಲೆಚುಕ್ಕೆ:
ರೋಗದ ವಿಷಯದಲ್ಲಿ ಎರಡನ್ನು ಒಂದೇ ಅಂದುಕೊಂಡು ಒಳ್ಳೆ ಗಿಡ ಕಿತ್ತು ಹಾಕುವವರೇ ಹೆಚ್ಚು. ಒಂದು ಆಸ್ಟರ್ ಯೆಲ್ಲೋಸ್, ಜಿಗಿಹುಳು ಹರಡುವ ಫೈಟೋಪ್ಲಾಸ್ಮ (ಬ್ಯಾಕ್ಟೀರಿಯಾದಂಥ ರೋಗಾಣು). ಅದು ಬಂದರೆ ಎಸಳೇ ಹಸಿರಾಗುತ್ತದೆ, ತೆನೆಯಿಂದ ಎಲೆಯಂಥ ಕವಲುಗಳು ಹೊರಡುತ್ತವೆ, ಗಿಡವೆಲ್ಲ ಬಿಳಿಚಿ ಕುಳ್ಳಾಗುತ್ತದೆ. ಮದ್ದಿಲ್ಲ. ಬೇರುಸಹಿತ ಕಿತ್ತು ಕಸಕ್ಕೆ ಹಾಕಿ. ಕತ್ತರಿಯಿಂದ ಹರಡುವ ರೋಗ ಇದಲ್ಲ, ಜಿಗಿಹುಳುವೇ ಕಾರಣ. ಆದ್ದರಿಂದ ಗಿಡ ನಿಲ್ಲಿಸಿಕೊಂಡಷ್ಟು ದಿನ ಪಕ್ಕದ್ದಕ್ಕೆ ಅಪಾಯ.

ಇನ್ನೊಂದು ನುಸಿ, ಕಣ್ಣಿಗೆ ಕಾಣದಷ್ಟು ಸಣ್ಣದು, ತೆನೆಯೊಳಗೆ ಸೇರುತ್ತದೆ. ಆಗ ತೆನೆಯ ಒಂದು ಕಡೆ ಮಾತ್ರ ಜುಟ್ಟಿನಂತೆ ಕುಚ್ಚು ಏಳುತ್ತದೆ. ಎಲೆ, ದಂಟು, ಬೇರೆ ಹೂ ಎಲ್ಲ ಸರಿಯಾಗೇ ಇರುತ್ತದೆ. ಗಿಡ ಕೀಳಬೇಡಿ. ಆ ಹೂವನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆಯಿರಿ, ಶರತ್ಕಾಲದಲ್ಲಿ ಒಣದಂಟುಗಳನ್ನು ನೆಲಕ್ಕೆ ಸವರಿ.

ಪದವಿನಂಚು:
ಆದರೆ ದಂಟು ಬಿಟ್ಟರೆ ಹಕ್ಕಿಗೆ ಬೀಜ, ಹುಳಕ್ಕೆ ಮನೆ ಅಂತಾರಲ್ಲ? ಸವರುವುದು ಸರಿಯಾ?

ಎಲೆಚುಕ್ಕೆ:
ನುಸಿ ಕಂಡ ವರ್ಷ ಸವರಿ, ಕಾಣದ ವರ್ಷ ಬಿಡಿ. ಎರಡು ಮಾತಿಗೂ ಜಗಳವಿಲ್ಲ.

ಹಿತ್ತಲಬೇಲಿ:
ನೆಡುವ ಅಂತರ, ನೀರಿನ ಲೆಕ್ಕ ಉಳಿದಿದೆ. ಮತ್ತೆ ಈ ಪಾತಿ ಚೆನ್ನಾಗಿ ಬಂದರೆ ಮೂರನೇ ವರ್ಷ ಬುಡ ಸೀಳಿ ಮುಂಬಾಗಿಲಿಗೂ ನೆಡಬಹುದೇ, ಸೇವಂತಿಗೆ ಸೀಳಿದ ಹಾಗೆ?

ಜಲ್ಲಿಲೆಕ್ಕ:
ಅಂತರ 40 ಸೆಂಟಿಮೀಟರ್ ಅಂದರೆ ನಿಮ್ಮ ಪಾತಿಗೆ 10 ಗಿಡ. ಕೊನೆಯ ಹಿಮ ಕಳೆದ ಮೇಲೆ, ನಿಮ್ಮಲ್ಲಿ ಏಪ್ರಿಲ್ ಕೊನೆಗೆ, ನೆಡಿ. ಕುಂಡದ ಮಣ್ಣು ಪಾತಿಯ ಮಟ್ಟಕ್ಕಿಂತ ಅರ್ಧ ಬೆರಳು ಮೇಲಿರಲಿ, ಕುತ್ತಿಗೆ ಹೂಳಬಾರದು. ಮೊದಲ ಬೇಸಿಗೆ ಮಳೆ ಬಾರದ ವಾರ ಪಾತಿಗೆ 50 ಲೀಟರ್ ನೀರು, ಒಂದೇ ಸಲ, ಆಳಕ್ಕೆ. ದಿನಾ ಚಿಮುಕಿಸಿದರೆ ಬೇರು ಮೇಲೇ ಉಳಿಯುತ್ತದೆ. ಎರಡನೇ ವರ್ಷದಿಂದ ಮೂರು ವಾರ ಮಳೆಯೇ ಇಲ್ಲದಿದ್ದರೆ ಮಾತ್ರ. ಮೊದಲ ವರ್ಷ ಬರೀ ಎಲೆ ಗುಚ್ಛ, ಹೂ ಎರಡನೇ ವರ್ಷ. ಚಳಿಗಾಲದಲ್ಲಿ ನೆಲದ ಮೇಲೆ ಏನೂ ಉಳಿಯುವುದಿಲ್ಲ, ಪ್ರತಿ ಬುಡಕ್ಕೊಂದು ಕಡ್ಡಿ ನೆಟ್ಟಿಡಿ, ಇಲ್ಲದಿದ್ದರೆ ಕಳೆ ತೆಗೆಯುವಾಗ ಗುದ್ದಲಿ ಅದರ ಮೇಲೇ ಬೀಳುತ್ತದೆ.

ಕಲ್ಲುಹಾಸು:
ಸೀಳುವುದು ಬೇಡ. ಸೇವಂತಿಗೆಗೂ ನೇರಳೆ ಕೋನ್‌ಫ್ಲವರ್‌ಗೂ ನಾರುಬೇರು, ಸೀಳಿದರೆ ಎರಡೂ ಕಡೆ ಬೇರು ಸಿಗುತ್ತದೆ. ಇದರದು ಉದ್ದನೆಯ ದಪ್ಪ ಬೇರು, ಕಡಿದರೆ ಒಂದು ಚೂರಿಗೆ ಬೇರಿಲ್ಲ, ಇನ್ನೊಂದಕ್ಕೆ ಕುತ್ತಿಗೆಯಿಲ್ಲ. ಜಾಗ ಬದಲಿಸುವುದಿದ್ದರೆ ಮೊದಲ ವರ್ಷದ ಸಸಿಯನ್ನು ಮಣ್ಣುಗಡ್ಡೆ ಒಡೆಯದಂತೆ ಎತ್ತಿ. ಮುಂಬಾಗಿಲಿಗೆ ಮತ್ತೆ ಬೀಜದಿಂದಲೇ ಮಾಡಿ, ಅದೂ ಜಾಳಿಗೆ ಕಟ್ಟಿದ ತೆನೆಯ ಬೀಜದಿಂದ.